ವಿದೇಶಕ್ಕೆ ಹೊರಟ ನರ್ಸ್: ಕಾಗದ ಮೊದಲು, ಪರೀಕ್ಷೆ ಆಮೇಲೆ

ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಮೂರನ್ನೂ ಬೀರುವಿನಿಂದ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಹೆಸರು ಒಂದೇ ಥರ ಇದೆಯಾ? ನಮ್ಮಲ್ಲಿ ಬಹಳ ಜನಕ್ಕೆ ಇರುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ‘ಕವಿತಾ ಎಂ. ಎನ್.’ ಅಂತ ಬರೆದಿರುತ್ತಾರೆ. ಕಾಲೇಜಿನಲ್ಲಿ ಅದು ‘ಎಂ. ಎನ್. ಕವಿತಾ’ ಆಗಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು, ಆಗ ಊರಿನ ಹೆಸರೂ ಅಪ್ಪನ ಹೆಸರೂ ಸೇರಿ ಒಂದು ಸಾಲು ಉದ್ದ ಆಗುತ್ತದೆ. ಮದುವೆ ಆದಮೇಲೆ ಗಂಡನ ಹೆಸರು ಸೇರಿಸಿಕೊಂಡಿದ್ದರೆ ಅದು ನಾಲ್ಕನೆಯದು. ನಮಗೆ ಇವರೆಲ್ಲ ಒಬ್ಬಳೇ ಕವಿತಾ. ಲಂಡನ್ನಿನಲ್ಲೋ ದುಬೈಯಲ್ಲೋ ಕೂತು ಫೈಲ್ ನೋಡುವವರಿಗೆ ನಾಲ್ಕು ಜನ.

ನಾನು ಕರ್ನಾಟಕದಲ್ಲೇ ಬಿಎಸ್ಸಿ ನರ್ಸಿಂಗ್ ಓದಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷ ಡ್ಯೂಟಿ ಮಾಡಿ, ಈಗ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿದ್ದೇನೆ. ಜೂನಿಯರ್‌ಗಳು ಮೆಸೇಜ್ ಮಾಡುತ್ತಲೇ ಇರುತ್ತಾರೆ. ‘ಅಕ್ಕಾ, ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ ಬರೀಲಾ, ಒಇಟಿ ಬರೀಲಾ?’ ‘ಅಕ್ಕಾ, ಏಜೆನ್ಸಿಯವರು ನಾಲ್ಕು ಲಕ್ಷ ಕೇಳ್ತಿದಾರೆ, ಕೊಡ್ಲಾ?’ ಹೆಸರಿನ ವಿಷಯ ಮಾತ್ರ ಯಾರೂ ಕೇಳುವುದಿಲ್ಲ. ಕೆಲಸ ನಿಲ್ಲುವುದು ಅಲ್ಲೇ. ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ನಮ್ಮ ಜೊತೆ ಓದುವ ಕೇರಳದ ಹುಡುಗಿಯರಿಗೆ ಇದನ್ನೆಲ್ಲ ಹೇಳಿಕೊಡಲು ಮನೆಯಲ್ಲೇ ಒಬ್ಬ ಚಿಕ್ಕಮ್ಮನೋ ಅಕ್ಕನೋ ಇರುತ್ತಾರೆ. ಮಂಗಳೂರು ಉಡುಪಿ ಕಡೆಯವರಿಗೂ ಗಲ್ಫಿನ ದಾರಿ ಗೊತ್ತು. ಚಿತ್ರದುರ್ಗ, ಹಾಸನ, ರಾಯಚೂರಿನಿಂದ ಬಂದವರಿಗೆ ಕೇಳಲು ಯಾರೂ ಇರುವುದಿಲ್ಲ. ಅವರಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ವಿದೇಶಕ್ಕೆ ಹೋಗುವುದು ಅಂದರೆ ಒಂದು ಬಾಗಿಲಲ್ಲ, ಮೂರು. ನಿಮ್ಮ ಓದು ನಿಜವಾ, ಅವರ ದೇಶಕ್ಕೆ ಸಾಕಾ ಅಂತ ನೋಡುವುದು ಅಲ್ಲಿನ ನರ್ಸಿಂಗ್ ನಿಯಂತ್ರಣ ಸಂಸ್ಥೆ. ಕೆಲಸ ಕೊಡುವುದು ಆಸ್ಪತ್ರೆ. ಒಳಗೆ ಬಿಡುವುದು ವೀಸಾ ಕಚೇರಿ. ಒಬ್ಬರು ಹೂಂ ಅಂದರೆ ಇನ್ನೊಬ್ಬರು ಹೂಂ ಅನ್ನಬೇಕು ಅಂತೇನಿಲ್ಲ. ರಿಜಿಸ್ಟ್ರೇಷನ್‌ನ ಎಲ್ಲ ಹಂತ ಮುಗಿಸಿಯೂ ಕೆಲಸ ಸಿಗದವರಿದ್ದಾರೆ. ಆಫರ್ ಲೆಟರ್ ಕೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ವೀಸಾಗೆ ಕಾಯುವವರೂ ಇದ್ದಾರೆ. ಏಜೆನ್ಸಿಯವರು ‘ಎಲ್ಲಾ ನಾವೇ ನೋಡ್ಕೊತೀವಿ’ ಅಂದಾಗ, ಯಾವ ಬಾಗಿಲಿನ ಬಗ್ಗೆ ಹೇಳುತ್ತಿದ್ದೀರಿ ಅಂತ ಕೇಳಿ.

ಮೊದಲ ಬಾಗಿಲಲ್ಲಿ ನಡೆಯುವ ಕೆಲಸಕ್ಕೆ ಒಂದು ದೊಡ್ಡ ಹೆಸರಿದೆ, ಪ್ರೈಮರಿ ಸೋರ್ಸ್ ವೆರಿಫಿಕೇಷನ್. ಅರ್ಥ ತುಂಬಾ ಸರಳ. ನೀವು ಕೊಟ್ಟ ಕಾಗದವನ್ನು ಅವರು ನಂಬುವುದಿಲ್ಲ, ಆ ಕಾಗದ ಕೊಟ್ಟವರನ್ನೇ ಕೇಳುತ್ತಾರೆ. ಡಿಗ್ರಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಜಿಎನ್‌ಎಂ ಆದರೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ರಿಜಿಸ್ಟ್ರೇಷನ್ ಆದರೆ ಕರ್ನಾಟಕದ ನರ್ಸಿಂಗ್ ಕೌನ್ಸಿಲ್. ಅನುಭವ ಆದರೆ ಆಸ್ಪತ್ರೆಯ ಎಚ್‌ಆರ್. ಗಲ್ಫಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಡೇಟಾಫ್ಲೋ ಎಂಬ ಕಂಪನಿ ಮಾಡುತ್ತದೆ, ಅಮೆರಿಕಕ್ಕೆ ಹಳೆಯ ಹೆಸರಿನ ಸಿಜಿಎಫ್‌ಎನ್‌ಎಸ್, ಅದಕ್ಕೀಗ ಟ್ರುಮೆರಿಟ್ ಅಂತ ಹೊಸ ಹೆಸರು. ಕೌನ್ಸಿಲ್ ಕೊಡುವ ‘ಗುಡ್ ಸ್ಟ್ಯಾಂಡಿಂಗ್’ ಪತ್ರ, ಅಂದರೆ ಇವರ ಮೇಲೆ ಯಾವ ದೂರೂ ಇಲ್ಲ ಎಂಬ ಪತ್ರ, ಸಾಮಾನ್ಯವಾಗಿ ಕೌನ್ಸಿಲ್‌ನಿಂದ ಅಲ್ಲಿಗೆ ನೇರವಾಗಿಯೇ ಹೋಗಬೇಕು. ನಿಮ್ಮ ಕೈಗೆ ಬಂದ ಪತ್ರಕ್ಕೆ ಬೆಲೆ ಕಡಿಮೆ.

ಇಲ್ಲಿ ಜನ ಸಿಕ್ಕಿಬೀಳುವುದು ಡಿಗ್ರಿಯಲ್ಲಲ್ಲ, ಅನುಭವದ ಪತ್ರದಲ್ಲಿ. ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಎರಡು ವರ್ಷ ನೈಟ್ ಡ್ಯೂಟಿ ಮಾಡಿರುತ್ತೀರಿ, ಸಂಬಳ ಕೈಯಲ್ಲಿ ಕೊಟ್ಟಿರುತ್ತಾರೆ, ಪಿಎಫ್ ಇರುವುದಿಲ್ಲ, ಪೇ ಸ್ಲಿಪ್ ಇರುವುದಿಲ್ಲ, ನೇಮಕಾತಿ ಪತ್ರವೂ ಇರುವುದಿಲ್ಲ, ಬಿಡುವಾಗ ಡಾಕ್ಟರು ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದು ಸೀಲ್ ಹಾಕಿ ಕೊಟ್ಟಿರುತ್ತಾರೆ ಅಷ್ಟೆ. ಆರು ತಿಂಗಳು ಬಿಟ್ಟು ವೆರಿಫಿಕೇಷನ್ ಇಮೇಲ್ ಬಂದಾಗ ಅದಕ್ಕೆ ಉತ್ತರ ಕೊಡುವವರೇ ಅಲ್ಲಿ ಇರುವುದಿಲ್ಲ. ನನಗೂ ಹೀಗೇ ಆಯಿತು. ನಾನು ಕೆಲಸ ಮಾಡಿದ ಆಸ್ಪತ್ರೆ ದೊಡ್ಡದೇ, ಆದರೆ ಎಚ್‌ಆರ್ ಬದಲಾಗಿದ್ದರು, ಹಳೆಯ ಇಮೇಲ್ ಯಾರೂ ನೋಡುತ್ತಿರಲಿಲ್ಲ. ಏಳು ವಾರ ಆದಮೇಲೆ ನನ್ನ ತಮ್ಮ ಖುದ್ದು ಹೋಗಿ, ರಿಸೆಪ್ಷನ್ ಪಕ್ಕದ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತು, ಅವರ ಕೈಯಲ್ಲೇ ಉತ್ತರ ಕಳಿಸಿಕೊಂಡು ಬಂದ. ಆಮೇಲೆ ಫೈಲ್ ಮುಂದಕ್ಕೆ ಹೋಯಿತು. ಹಾಗಾಗಿ ಈಗ ಕೆಲಸದಲ್ಲಿರುವವರು ನೇಮಕಾತಿ ಪತ್ರ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಯಾವ ವಾರ್ಡ್, ಎಷ್ಟು ಬೆಡ್ ಎಂಬ ವಿವರ ಎಲ್ಲವನ್ನೂ ಇವತ್ತಿನಿಂದಲೇ ಕೂಡಿಡಿ. ಇಲ್ಲದ ಅನುಭವವನ್ನು ಇದೆ ಅಂತ ಮಾತ್ರ ಎಂದೂ ತೋರಿಸಬೇಡಿ. ಸುಳ್ಳು ಅಂತ ವರದಿ ಬಂದರೆ ಆ ಕಲೆ ಬೇಗ ಹೋಗುವುದಿಲ್ಲ, ಆಮೇಲೆ ನಿಜವಾದ ಕಾಗದ ಇಟ್ಟರೂ ಅನುಮಾನದಿಂದಲೇ ನೋಡುತ್ತಾರೆ.

ಕಾಗದ ನಿಜ ಅಂತ ಗೊತ್ತಾದ ಮೇಲೆ ಎರಡನೆಯ ಪ್ರಶ್ನೆ: ನಿಮ್ಮ ಓದು ಸಾಕಾ? ಇದನ್ನು ಎಲ್ಲ ದೇಶಗಳೂ ಒಂದೇ ಥರ ನೋಡುವುದಿಲ್ಲ. ಕೆಲವರು ನಿಮ್ಮ ಓದನ್ನು ತಮ್ಮ ಓದಿನ ಜೊತೆ ಗಂಟೆ ಲೆಕ್ಕದಲ್ಲಿ ತೂಗುತ್ತಾರೆ. ಕೆಲವರು ಓದನ್ನು ಜಾಸ್ತಿ ಕೆದಕದೆ ನಿಮ್ಮನ್ನೇ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಇದು ಅರ್ಥವಾದರೆ ನಿಮಗೆ ಯಾವ ದೇಶ ಹೊಂದುತ್ತದೆ ಅನ್ನುವುದು ಅರ್ಧ ಗೊತ್ತಾದ ಹಾಗೆ.

ಬ್ರಿಟನ್ ಎರಡನೆಯ ಥರದ್ದು. ಅಲ್ಲಿನ ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ, ಅಂದರೆ ಎನ್‌ಎಂಸಿಗೆ, ಮೊದಲು ಇಂಗ್ಲಿಷ್ ಬೇಕು. ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತು ಮೂರಕ್ಕೂ 7, ಬರವಣಿಗೆಗೆ 6.5. ಒಇಟಿಯಲ್ಲಾದರೆ ಮೂರಕ್ಕೆ ಬಿ, ಬರವಣಿಗೆಗೆ ಸಿ ಪ್ಲಸ್. ಒಇಟಿ ಆಸ್ಪತ್ರೆಯ ಭಾಷೆಯಲ್ಲೇ ಇರುವುದರಿಂದ ನಮ್ಮವರಿಗೆ ಅದೇ ಸುಲಭ ಅಂತ ನನ್ನ ಅನಿಸಿಕೆ. ಆಮೇಲೆ ಸಿಬಿಟಿ, ಕಂಪ್ಯೂಟರ್ ಪರೀಕ್ಷೆ, ಭಾರತದಲ್ಲೇ ಬರೆಯಬಹುದು. ಕೊನೆಯದು ಆಸ್ಕಿ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ಅದನ್ನು ಬ್ರಿಟನ್ನಿಗೆ ಹೋಗಿಯೇ ಕೊಡಬೇಕು. ಪಾಸಾಗುವವರೆಗೂ ನೀವು ಆಸ್ಪತ್ರೆಯಲ್ಲಿದ್ದರೂ ನರ್ಸ್ ಅಲ್ಲ, ಸಂಬಳವೂ ಒಂದು ಮೆಟ್ಟಿಲು ಕೆಳಗೆ.

ಆಸ್ಕಿಯಲ್ಲಿ ಹತ್ತು ಸ್ಟೇಷನ್, ಒಂದೊಂದರಲ್ಲೂ ಒಂದೊಂದು ಕೆಲಸ. ಡ್ರಿಪ್ ಹಾಕುವುದು, ಇಂಜೆಕ್ಷನ್ ಕೊಡುವುದು ನಮಗೆ ನೀರು ಕುಡಿದಷ್ಟು ಸುಲಭ, ಒಂದು ನೈಟ್‌ನಲ್ಲಿ ಮೂವತ್ತು ಪೇಷಂಟ್ ನೋಡಿದ ಕೈ. ನಾವು ಫೇಲ್ ಆಗುವುದು ಬೇರೆ ಕಡೆ. ನಮ್ಮ ವಾರ್ಡಿನಲ್ಲಿ ‘ಅಜ್ಜಿ, ಕೈ ಕೊಡಿ’ ಅಂದು ಸೂಜಿ ಚುಚ್ಚಿಬಿಡುತ್ತೇವೆ, ಅಜ್ಜಿಯೂ ಕೈ ಕೊಡುತ್ತಾರೆ. ಇಲ್ಲಿ ಹಾಗಲ್ಲ. ಕೈ ತೊಳೆಯಬೇಕು. ನನ್ನ ಹೆಸರು ಹೇಳಬೇಕು. ನಿಮ್ಮನ್ನು ಏನಂತ ಕರೆಯಲಿ ಅಂತ ಕೇಳಬೇಕು. ಪರದೆ ಎಳೆಯಬೇಕು. ಹೆಸರು, ಹುಟ್ಟಿದ ದಿನ ಅವರ ಬಾಯಲ್ಲೇ ಹೇಳಿಸಿ, ಕೈಪಟ್ಟಿಯಲ್ಲಿರುವ ಆಸ್ಪತ್ರೆ ನಂಬರನ್ನೂ ಸೇರಿಸಿ ಮೂರನ್ನೂ ಚಾರ್ಟಿನ ಜೊತೆ ನೋಡಬೇಕು. ಯಾವುದಾದರೂ ಔಷಧಿ ಆಗಿಬರುವುದಿಲ್ಲವಾ ಅಂತ ಕೇಳಬೇಕು. ಏನು ಮಾಡುತ್ತಿದ್ದೇನೆ, ಯಾಕೆ, ಒಪ್ಪಿಗೆ ಇದೆಯಾ ಅಂತ ಕೇಳಬೇಕು. ಎಲ್ಲಾ ಬಾಯಿ ಬಿಟ್ಟು, ಪರೀಕ್ಷಕರಿಗೆ ಕೇಳುವ ಹಾಗೆ. ಟ್ರೈನಿಂಗ್‌ನ ಮೊದಲ ದಿನ ನಾನು ಮಾತ್ರೆ ಕೊಡುವ ಸ್ಟೇಷನ್‌ನಲ್ಲಿ ಅಲರ್ಜಿ ಕೇಳದೆ ಮಾತ್ರೆ ಕಪ್ಪಿಗೆ ಹಾಕಿದೆ. ಹೇಳಿಕೊಡುತ್ತಿದ್ದ ಸಿಸ್ಟರ್ ಅಲ್ಲಿಗೇ ನಿಲ್ಲಿಸಿದರು. ಚಾರ್ಟಿನ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಪೆನಿಸಿಲಿನ್ ಅಂತ ಇತ್ತು, ನನ್ನ ಕೈಯಲ್ಲಿದ್ದದ್ದು ಅಮಾಕ್ಸಿಸಿಲಿನ್. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಇವತ್ತಿಗೂ ಯಾವ ಮಾತ್ರೆ ಮುಟ್ಟಿದರೂ ಮೊದಲು ಕಣ್ಣು ಆ ಮೂಲೆಗೇ ಹೋಗುತ್ತದೆ.

ಜರ್ಮನಿ ಗಂಟೆ ತೂಗುವ ದೇಶ. ಅಲ್ಲಿ ನರ್ಸಿಂಗ್ ಮೂರು ವರ್ಷದ ತರಬೇತಿ, 2,100 ಗಂಟೆ ಪಾಠ, 2,500 ಗಂಟೆ ಪ್ರಾಯೋಗಿಕ. ನಿಮ್ಮ ಟ್ರಾನ್ಸ್‌ಕ್ರಿಪ್ಟನ್ನು, ಅಂದರೆ ಯಾವ ವಿಷಯ ಎಷ್ಟು ಗಂಟೆ ಓದಿದಿರಿ ಎಂಬ ಪಟ್ಟಿಯನ್ನು, ಅದರ ಪಕ್ಕ ಇಟ್ಟು ಏನು ಕಡಿಮೆ ಇದೆ ಅಂತ ಪಟ್ಟಿ ಮಾಡಿ ಕಳಿಸುತ್ತಾರೆ. ಕೇಂದ್ರದಲ್ಲಿ ಒಂದೇ ಕಚೇರಿ ಅಂತಿಲ್ಲ, ನೀವು ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀರೋ ಆ ರಾಜ್ಯದ ಕಚೇರಿ ನೋಡುತ್ತದೆ. ಕೊರತೆ ತುಂಬಲು ಎರಡು ದಾರಿ. ಅಲ್ಲಿನ ಆಸ್ಪತ್ರೆಯಲ್ಲಿ ಕೆಲವು ತಿಂಗಳ ಹೊಂದಾಣಿಕೆ ತರಬೇತಿ, ಇಲ್ಲವೇ ಮಾತಿನಲ್ಲೂ ಕೆಲಸದಲ್ಲೂ ಒಂದು ಪರೀಕ್ಷೆ. ಅಷ್ಟು ದಿನ ಸಹಾಯಕಿಯಾಗಿ ಕೆಲಸ, ಸಂಬಳವೂ ಕಡಿಮೆ. ಇದರ ಜೊತೆ ಜರ್ಮನ್ ಭಾಷೆ ಬಿ2 ಮಟ್ಟ, ಅಂದರೆ ಕೆಲಸದ ಮಾತನ್ನು ಸರಾಗವಾಗಿ ಆಡುವಷ್ಟು. ಶುರುವಿನಿಂದ ಕಲಿತರೆ ಒಂದು ವರ್ಷ ಬೇಕೇ ಬೇಕು, ಡ್ಯೂಟಿ ಮಾಡಿಕೊಂಡು ಕಲಿತರೆ ಇನ್ನೂ ಜಾಸ್ತಿ.

ಜರ್ಮನಿಯ ಬಗ್ಗೆ ಒಂದು ಮಾತನ್ನು ಯಾವ ಏಜೆನ್ಸಿಯೂ ಹೇಳುವುದಿಲ್ಲ. ಅಲ್ಲಿ ನರ್ಸ್ ಅಂದರೆ ಮೊದಲು ಮೈ ತೊಳೆಸುವವಳು, ಉಣಿಸುವವಳು, ಶೌಚಕ್ಕೆ ಕರೆದುಕೊಂಡು ಹೋಗುವವಳು. ನಮ್ಮಲ್ಲಿ ಆ ಕೆಲಸ ಆಯಾ ಮಾಡುತ್ತಾರೆ, ಇಲ್ಲ ಪೇಷಂಟಿನ ಮಗಳೋ ಸೊಸೆಯೋ ಮಾಡುತ್ತಾರೆ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಂಡಿದ್ದ ನನ್ನ ಸಹಪಾಠಿ ಒಬ್ಬಳು ಅಲ್ಲಿ ವೃದ್ಧಾಶ್ರಮದಲ್ಲಿ ಮೊದಲ ತಿಂಗಳು ಫೋನ್ ಮಾಡಿದಾಗೆಲ್ಲ ಅಳುತ್ತಿದ್ದಳು. ಕೆಲಸ ಕೀಳು ಅಂತ ಅಲ್ಲ. ಯಾರೂ ಮೊದಲೇ ಹೇಳಿರಲಿಲ್ಲ ಅಂತ. ಈಗ ಅವಳಿಗೆ ಅದೇ ಇಷ್ಟ. ಒಬ್ಬ ತಾತನಿಗೆ ಅರ್ಧ ಗಂಟೆ ಕೂತು ಊಟ ಮಾಡಿಸುವಷ್ಟು ಸಮಯ ನಮ್ಮ ವಾರ್ಡಿನಲ್ಲಿ ಎಲ್ಲಿತ್ತು ಅಂತಾಳೆ.

ಅಮೆರಿಕ ಎರಡನ್ನೂ ಮಾಡುತ್ತದೆ. ಮೆಡಿಕಲ್, ಸರ್ಜಿಕಲ್, ಹೆರಿಗೆ, ಮಕ್ಕಳ ವಿಭಾಗ, ಮಾನಸಿಕ ಆರೋಗ್ಯ ಒಂದೊಂದರಲ್ಲೂ ಪಾಠ ಎಷ್ಟು, ಕ್ಲಿನಿಕಲ್ ಎಷ್ಟು ಅಂತ ನೋಡುತ್ತಾರೆ, ಆಮೇಲೆ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ. ಐದು ಗಂಟೆ, 85ರಿಂದ 150 ಪ್ರಶ್ನೆ, ನೀವು ಕೊಡುವ ಉತ್ತರ ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. ಬೆಂಗಳೂರಿನಲ್ಲೇ ಕೇಂದ್ರ ಇದೆ. ನಮ್ಮವರು ಪಾಸೂ ಆಗುತ್ತಾರೆ. ತೊಂದರೆ ಇರುವುದು ಮೂರನೆಯ ಬಾಗಿಲಲ್ಲಿ. ನರ್ಸ್‌ಗಳು ಹೋಗುವುದು ಇಬಿ-3 ಎಂಬ ಗ್ರೀನ್ ಕಾರ್ಡ್ ಸಾಲಿನಲ್ಲಿ, ಅಲ್ಲಿ ಭಾರತದವರ ಕ್ಯೂ ಹತ್ತು ವರ್ಷಕ್ಕೂ ಉದ್ದ. 2025ರಲ್ಲಿ ಸರದಿ ಬಂದದ್ದು 2013ರ ಸುಮಾರಿಗೆ ಅರ್ಜಿ ಹಾಕಿದವರಿಗೆ. ಹಾಗಂತ ಎನ್‌ಕ್ಲೆಕ್ಸ್ ದಂಡ ಅಲ್ಲ. ಆಸ್ಟ್ರೇಲಿಯಾ ಕೂಡ ಅದೇ ಪರೀಕ್ಷೆ ಒಪ್ಪುತ್ತದೆ, ಆಮೇಲೆ ಅಲ್ಲಿ ಹೋಗಿ ಆಸ್ಕಿ ಕೊಡಬೇಕು. ಆದರೆ ಆಸ್ಟ್ರೇಲಿಯಾಗೆ ಡಿಗ್ರಿ ಮಟ್ಟದ ಓದು ಬೇಕು, ಬರೀ ಜಿಎನ್‌ಎಂ ಇದ್ದವರಿಗೆ ದಾರಿ ಕಷ್ಟ, ಅವರು ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಳ್ಳುವುದು ಒಳ್ಳೆಯದು. 2025ರ ಏಪ್ರಿಲ್‌ನಿಂದ ಇನ್ನೊಂದು ದಾರಿ ತೆರೆದಿದೆ. ಬ್ರಿಟನ್, ಐರ್ಲೆಂಡ್, ಸಿಂಗಾಪುರದಂಥ ಕೆಲವು ಕಡೆ ರಿಜಿಸ್ಟರ್ ಆಗಿ 1,800 ಗಂಟೆ ಕೆಲಸ ಮಾಡಿದ್ದರೆ ಆಸ್ಟ್ರೇಲಿಯಾದಲ್ಲಿ ಮತ್ತೆ ಆ ಪರೀಕ್ಷೆಗಳಿಲ್ಲ. ನನ್ನ ವಾರ್ಡಿನಿಂದಲೇ ಇಬ್ಬರು ಹೀಗೆ ಹೊರಟಿದ್ದಾರೆ.

ಗಲ್ಫಿಗೆ ಕಾಗದದ ಪರಿಶೀಲನೆಯೇ ಮುಖ್ಯ, ಪರೀಕ್ಷೆ ಆಯ್ಕೆ ಪ್ರಶ್ನೆಗಳದ್ದು. ಬಹುತೇಕ ಕಡೆ ಎರಡು ವರ್ಷದ ಅನುಭವ ಕೇಳುತ್ತಾರೆ, ಕೆಲಸದ ನಡುವೆ ಉದ್ದದ ಗ್ಯಾಪ್ ಇದ್ದರೆ ಕಾರಣ ಕೇಳುತ್ತಾರೆ. ದುಬೈಗೆ ಬೇರೆ ಲೈಸೆನ್ಸ್, ಅಬುಧಾಬಿಗೆ ಬೇರೆ, ಸೌದಿಗೆ ಬೇರೆ, ಇದು ನೆನಪಿರಲಿ.

ಇನ್ನು ಕೆಲಸ ಸಿಗುತ್ತದಾ ಅನ್ನುವ ಪ್ರಶ್ನೆ. ನಾಲ್ಕು ವರ್ಷದ ಹಿಂದಿನ ಯೂಟ್ಯೂಬ್ ವಿಡಿಯೊ ನೋಡಿ ಲೆಕ್ಕ ಹಾಕಬೇಡಿ. ಕೋವಿಡ್ ಆದಮೇಲೆ ಬ್ರಿಟನ್ ನರ್ಸ್‌ಗಳನ್ನು ಬಾಚಿ ಬಾಚಿ ತೆಗೆದುಕೊಂಡಿತು. ವಿಮಾನದ ಟಿಕೆಟ್, ಮೊದಲ ತಿಂಗಳ ಮನೆ, ಆಸ್ಕಿ ಫೀಸ್ ಎಲ್ಲಾ ಆಸ್ಪತ್ರೆಯದ್ದೇ. 2023-24ರಲ್ಲಿ ಹೊರದೇಶದಲ್ಲಿ ಓದಿ ಎನ್‌ಎಂಸಿಗೆ ಸೇರಿದವರು 30,000 ಹತ್ತಿರ ಇದ್ದರು, ಅವರಲ್ಲಿ ಭಾರತದವರೇ ಜಾಸ್ತಿ. ಮುಂದಿನ ವರ್ಷ ಅದು 20,000 ಆಸುಪಾಸಿಗೆ ಇಳಿಯಿತು. ಆಸ್ಪತ್ರೆಗಳ ಹತ್ತಿರ ದುಡ್ಡಿಲ್ಲ, ಅಲ್ಲೇ ಓದಿದ ಹೊಸ ನರ್ಸ್‌ಗಳಿಗೇ ಪೋಸ್ಟಿಂಗ್ ಸಿಗುತ್ತಿಲ್ಲ. 2025ರ ಜುಲೈ 22ರಿಂದ ವೃದ್ಧರ ಮನೆಗಳ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನೇ ನಿಲ್ಲಿಸಿದ್ದಾರೆ. ಯಾರಾದರೂ ಈಗಲೂ ‘ಕೇರ್ ವೀಸಾ’ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸದ ಹಕ್ಕನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನೂ ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು.

ಸಂಬಳದ ಲೆಕ್ಕವನ್ನೂ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಹೊಸ ನರ್ಸ್‌ಗೆ 2025-26ರಲ್ಲಿ ವರ್ಷಕ್ಕೆ 31,049 ಪೌಂಡ್. ತೆರಿಗೆ, ಪಿಂಚಣಿ ಎಲ್ಲಾ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 2,000 ಪೌಂಡ್. ರೂಪಾಯಿಗೆ ಗುಣಿಸಿದರೆ ದೊಡ್ಡದು. ಆದರೆ ಬಾಡಿಗೆಯನ್ನೂ ಪೌಂಡಿನಲ್ಲೇ ಕಟ್ಟಬೇಕು, ಮಗು ಇದ್ದರೆ ನರ್ಸರಿ ಫೀಸು ಬಾಡಿಗೆಯಷ್ಟೇ ಆಗಿಬಿಡುತ್ತದೆ. ಊರಿನಲ್ಲಿ ಮನೆ ಸಾಲ ತೀರಿಸುತ್ತೇನೆ ಅಂತ ಬರುವವರು ಈ ಲೆಕ್ಕವನ್ನು ಗಂಡ ಹೆಂಡತಿ ಒಟ್ಟಿಗೆ ಕೂತು ಮಾಡಿ.

ಈಗ ಬಾಗಿಲು ಹೆಚ್ಚು ತೆರೆದಿರುವುದು ಜರ್ಮನಿಯಲ್ಲಿ. 2024ರಲ್ಲಿ ಆ ದೇಶ ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾವನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಕೇರಳದ ಸರ್ಕಾರಿ ಸಂಸ್ಥೆ ನೋರ್ಕಾ 2021ರ ಕೊನೆಯಲ್ಲೇ ಜರ್ಮನಿಯ ಜೊತೆ ‘ಟ್ರಿಪಲ್ ವಿನ್’ ಯೋಜನೆಗೆ ಸಹಿ ಹಾಕಿ, ನರ್ಸ್‌ಗಳಿಂದ ಒಂದು ರೂಪಾಯಿ ತೆಗೆದುಕೊಳ್ಳದೆ ಭಾಷೆ ಕಲಿಸಿ ಕಳಿಸುತ್ತಿದೆ. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಅಂತ ಒಂದಿದೆ. ಏಜೆನ್ಸಿಯ ಹತ್ತಿರ ಹೋಗುವ ಮೊದಲು ಅಲ್ಲಿ ಒಮ್ಮೆ ಕೇಳಿ. ಕೇರಳದಷ್ಟು ನಮ್ಮ ಸರ್ಕಾರವೂ ಮಾಡಬೇಕು, ನಮ್ಮ ಮಕ್ಕಳೇನು ಕಡಿಮೆ ಅಲ್ಲ.

ಬೇರೆ ಕೋರ್ಸಿನವರೂ ಕೇಳುತ್ತಾರೆ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಮಾಡಿದವರು ಬ್ರಿಟನ್ನಿನಲ್ಲಿ ಎಚ್‌ಸಿಪಿಸಿ ಎಂಬ ನಿಯಂತ್ರಣ ಸಂಸ್ಥೆಗೆ ಅರ್ಜಿ ಹಾಕಬೇಕು, ಅಲ್ಲಿ ಪರೀಕ್ಷೆಗಿಂತ ಕೋರ್ಸಿನ ವಿವರವೇ ಮುಖ್ಯ. ಫಾರ್ಮಸಿಯವರು ಬ್ರಿಟನ್ನಿನಲ್ಲಿ ಒಂದು ವರ್ಷ ಮತ್ತೆ ಓದಬೇಕು, ಆಮೇಲೆ ಒಂದು ವರ್ಷ ತರಬೇತಿ. ಬಿಡಿಎಸ್ ಮಾಡಿದವರು ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ಮೂರು ವರ್ಷ ದುಬಾರಿ ಫೀಸ್ ಕಟ್ಟಿ ಮತ್ತೆ ಕಾಲೇಜಿಗೆ ಹೋಗಬೇಕು. ಎಂಬಿಬಿಎಸ್‌ನವರಿಗೆ ಒಂದು ಎಚ್ಚರಿಕೆ. ಬ್ರಿಟನ್ನಿನ ಡಾಕ್ಟರ್ ಪರೀಕ್ಷೆ ಪ್ಲಾಬ್‌ಗಾಗಿ ಮ್ಯಾಂಚೆಸ್ಟರ್‌ವರೆಗೂ ಹೋಗಿ ಪಾಸ್ ಮಾಡಿ, ಅಲ್ಲಿನ ವೈದ್ಯರ ಕೌನ್ಸಿಲ್ ಜಿಎಂಸಿಯ ರಿಜಿಸ್ಟ್ರೇಷನ್ ತೆಗೆದುಕೊಂಡವರು ಈಗ ತಿಂಗಳುಗಟ್ಟಲೆ ನೂರಾರು ಅರ್ಜಿ ಹಾಕಿ ಕೂತಿದ್ದಾರೆ. ರಿಜಿಸ್ಟ್ರೇಷನ್ ಬೇರೆ, ಕೆಲಸ ಬೇರೆ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಕೊನೆಗೆ ದುಡ್ಡಿನ ವಿಷಯ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆನ್ಸಿ ನಮ್ಮ ವಿದೇಶಾಂಗ ಇಲಾಖೆಯಲ್ಲಿ ರಿಜಿಸ್ಟರ್ ಆಗಿರಲೇಬೇಕು, ಇಮೈಗ್ರೇಟ್ ಜಾಲತಾಣದಲ್ಲಿ ಪಟ್ಟಿ ಇದೆ, ಎರಡು ನಿಮಿಷದಲ್ಲಿ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನಾಲ್ಕು ಲಕ್ಷ ಅಲ್ಲ. ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೂ ಕೆಲಸ ಕೊಡಿಸಲು ನರ್ಸ್‌ನಿಂದ ಶುಲ್ಕ ತೆಗೆದುಕೊಳ್ಳಲೇಬಾರದು ಅನ್ನುತ್ತದೆ. 2015ರಲ್ಲಿ ಕೊಚ್ಚಿಯಲ್ಲಿ ಕುವೈತ್ ನೇಮಕಾತಿಯ ಹಗರಣ ಹೊರಬಿತ್ತು. 19,500 ರೂಪಾಯಿ ತೆಗೆದುಕೊಳ್ಳಬೇಕಾದ ಕಡೆ ಒಬ್ಬೊಬ್ಬ ನರ್ಸ್‌ನಿಂದ 19.5 ಲಕ್ಷ ವಸೂಲಿ ಮಾಡಿದ್ದರು ಎಂಬುದು ಆರೋಪ. ಅದೇ ವರ್ಷದಿಂದ ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರಡುವ ಮೊದಲು ನಮ್ಮ ಸರ್ಕಾರದ ಅನುಮತಿ, ಕಡ್ಡಾಯ ಆಗಿದೆ. ಕೆಲಸದ ಒಪ್ಪಂದದಲ್ಲಿ ಬಾಂಡ್ ಇದ್ದರೆ, ಎರಡು ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು ಅಂತ ಅಂಕಿ ನೋಡಿಯೇ ಸಹಿ ಹಾಕಿ. ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಸ್ಕ್ಯಾನ್ ಕೊಡಿ ಸಾಕು.

ನಾಲ್ಕು ಲಕ್ಷ ಕೊಡ್ಲಾ ಅಂತ ಕೇಳಿದ ಹುಡುಗಿ ಚಿತ್ರದುರ್ಗದ ಕಡೆಯವಳು, ಬಿಎಸ್ಸಿ ಮುಗಿಸಿ ಎರಡು ವರ್ಷ ಆಗಿದೆ. ದುಡ್ಡು ಕೊಡಲಿಲ್ಲ. ಮೊದಲು ಪಾಸ್‌ಪೋರ್ಟಿನ ಹೆಸರನ್ನು ಮಾರ್ಕ್ಸ್ ಕಾರ್ಡಿಗೆ ಹೊಂದುವ ಹಾಗೆ ಮಾಡಿಸಿಕೊಂಡಳು. ಆಮೇಲೆ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕಿದಳು, ಬೇಕಾದದ್ದಕ್ಕಿಂತ ಎರಡು ಪ್ರತಿ ಜಾಸ್ತಿ. ಈಗ ಬೆಂಗಳೂರಿನಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ, ನೈಟ್ ಡ್ಯೂಟಿ ಮುಗಿಸಿ ಮನೆಗೂ ಹೋಗದೆ ನೇರ ಕ್ಲಾಸಿಗೆ. ಮೊನ್ನೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಳು, ‘ನೋವು ಎಲ್ಲಿದೆ, ತೋರಿಸಿ’ ಅಂತ ಜರ್ಮನ್‌ನಲ್ಲಿ, ಎರಡು ಸಲ, ಎರಡನೆಯ ಸಲ ನಿಧಾನಕ್ಕೆ.